ಯಾವ ಕೊಳಗದಲ್ಲಿ ಅಳೆದದ್ದು? ಜಗತ್ತಿನ ಸಂಶೋಧನೆಯ ಲೆಕ್ಕವೂ ಅದರ ಒಳಸುಳಿಗಳೂ

ಭಾರತದ ವಿಜ್ಞಾನದ ಬಗ್ಗೆ ಅಧಿಕಾರದ ಸ್ಥಾನದಿಂದ ಮಾತನಾಡುವವರ ಬಾಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತಿದೆ: ಸಂಶೋಧನಾ ಪ್ರಬಂಧಗಳ ಸಂಖ್ಯೆಯಲ್ಲಿ ನಾವು ಜಗತ್ತಿನಲ್ಲಿ ಮೂರನೆಯವರು. ಮಾತು ಸುಳ್ಳಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಸಂಶೋಧನಾ ಪ್ರಬಂಧಗಳ ಸೂಚಿಯಾದ ಸ್ಕೋಪಸ್ ಡೇಟಾಬೇಸನ್ನು ಆಧರಿಸಿ ಹಾಕಿದ ಲೆಕ್ಕದ ಪ್ರಕಾರ 2022ರಲ್ಲಿ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕ್ಷೇತ್ರಗಳಲ್ಲಿ ಜಗತ್ತಿನಾದ್ಯಂತ ಸುಮಾರು 33 ಲಕ್ಷ ಪ್ರಬಂಧಗಳು ಪ್ರಕಟವಾದವು. ಅವುಗಳಲ್ಲಿ ಚೀನಾದ ಪಾಲು ಶೇ 27, ಅಮೆರಿಕದ್ದು ಶೇ 14, ಭಾರತದ್ದು ಶೇ 6. ಜರ್ಮನಿ, ಬ್ರಿಟನ್ ಮತ್ತು ಜಪಾನ್ ತಲಾ ಶೇ 3ರ ಆಸುಪಾಸಿನಲ್ಲಿ ನಮ್ಮ ಹಿಂದೆ ಇವೆ. ಆದರೆ ಇದೇ ಭಾರತವನ್ನು ಪ್ರತಿ ಹತ್ತು ಲಕ್ಷ ಜನರಿಗೆ ಎಷ್ಟು ಮಂದಿ ಸಂಶೋಧಕರಿದ್ದಾರೆ ಎಂದು ಕೇಳಿದರೆ ಉತ್ತರ 260ರ ಆಸುಪಾಸಿಗೆ ಇಳಿಯುತ್ತದೆ. ಒಟ್ಟು ದೇಶೀಯ ಉತ್ಪನ್ನದಲ್ಲಿ ಸಂಶೋಧನೆಗೆ ಎಷ್ಟು ಎಂದು ಕೇಳಿದರೆ ಶೇ 0.64 ಎಂಬ ಉತ್ತರ ಬರುತ್ತದೆ. ಒಂದೇ ದೇಶ, ಒಂದೇ ಕಾಲ, ಮೂರು ಬೇರೆ ಬೇರೆ ಚಿತ್ರಗಳು.

ಹಿಂದೆ ಕಣದಲ್ಲಿ ರಾಶಿ ಅಳೆಯುವಾಗ ಎಷ್ಟು ಕೊಳಗ ಎಂದು ಕೇಳುವ ಮೊದಲು ಯಾವ ಊರಿನ ಕೊಳಗ ಎಂದು ಕೇಳುವ ರೂಢಿಯಿತ್ತು, ಏಕೆಂದರೆ ಸೀಮೆಯಿಂದ ಸೀಮೆಗೆ ಕೊಳಗದ ಗಾತ್ರ ಬೇರೆಯಾಗುತ್ತಿತ್ತು. ಜಗತ್ತಿನ ಪ್ರದೇಶಗಳ ಸಂಶೋಧನೆಯನ್ನು ಹೋಲಿಸುವ ಕೋಷ್ಟಕಗಳ ಮುಂದೆಯೂ ಮೊದಲು ಕೇಳಬೇಕಾದದ್ದು ಇದೇ ಪ್ರಶ್ನೆ. ಯಾವ ಜರ್ನಲ್‌ಗಳನ್ನು ಎಣಿಸಿದ್ದಾರೆ, ಹಲವು ದೇಶದವರು ಸೇರಿ ಬರೆದದ್ದನ್ನು ಯಾರ ಖಾತೆಗೆ ಹಾಕಿದ್ದಾರೆ, ಉಲ್ಲೇಖಗಳನ್ನು, ಅಂದರೆ ಒಂದು ಪ್ರಬಂಧವನ್ನು ಬೇರೆ ಪ್ರಬಂಧಗಳು ಹೆಸರಿಸಿದ ಲೆಕ್ಕವನ್ನು, ಯಾವುದರಿಂದ ಭಾಗಿಸಿದ್ದಾರೆ ಎಂಬ ಮೂರು ತೀರ್ಮಾನಗಳು ಬದಲಾದರೆ ಶ್ರೇಯಾಂಕವೂ ಬದಲಾಗುತ್ತದೆ. ಹಾಗೆಂದು ಈ ಅಂಕಿಗಳೆಲ್ಲ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಬೇರೆ ಬೇರೆ ಕೊಳಗಗಳಲ್ಲಿ ಅಳೆದರೂ ಒಂದೇ ಕಡೆ ಬೊಟ್ಟು ಮಾಡುವ ಸಂಗತಿಗಳು ಕೆಲವಿವೆ, ಅವನ್ನು ನಂಬಬಹುದು. ಒಂದು ಕೊಳಗದಲ್ಲಿ ಮಾತ್ರ ಕಾಣುವಂಥವು ಬಹಳ ಇವೆ, ಅವುಗಳ ವಿಷಯದಲ್ಲಿ ಎಚ್ಚರ ಬೇಕು.

ಈ ಅಳತೆಗೋಲು ಹುಟ್ಟಿದ್ದೇ ಬೇರೆ ಕೆಲಸಕ್ಕಾಗಿ. ಒಂದು ಪ್ರಬಂಧದ ಕೊನೆಯಲ್ಲಿರುವ ಉಲ್ಲೇಖಗಳ ಪಟ್ಟಿಯನ್ನು ಹಿಡಿದು ಹೊರಟರೆ ಸಂಬಂಧಪಟ್ಟ ಬರಹಗಳನ್ನು ಹುಡುಕುವುದು ಸುಲಭವಾಗುತ್ತದೆ ಎಂದು ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸೂಚಿಸಿದರು. ಫಿಲಡೆಲ್ಫಿಯಾದ ಅವರ ಸಂಸ್ಥೆ 1960ರ ದಶಕದ ಮೊದಲರ್ಧದಲ್ಲಿ ಹೊರತಂದ ಮೊದಲ ಸೈನ್ಸ್ ಸೈಟೇಶನ್ ಇಂಡೆಕ್ಸ್ 613 ಜರ್ನಲ್‌ಗಳನ್ನು ಒಳಗೊಂಡಿತ್ತು. ಪ್ರತಿ ಕ್ಷೇತ್ರದಲ್ಲೂ ಮುಖ್ಯವಾದ ಬರಹಗಳ ಬಹುಪಾಲು ಕೆಲವೇ ಜರ್ನಲ್‌ಗಳಲ್ಲಿ ಅಡಕವಾಗಿರುತ್ತದೆ, ಆ ತಿರುಳನ್ನು ಹಿಡಿದರೆ ಸಾಕು ಎಂಬ ನಂಬಿಕೆ ಆ ಆಯ್ಕೆಯ ಹಿಂದಿತ್ತು. ಗ್ರಂಥಪಾಲಕರಿಗೆ ಅದು ವಿವೇಕದ ನಂಬಿಕೆ; ದೇಶಗಳನ್ನು ತೂಗಲು ಹೊರಟವರಿಗೆ ಅಲ್ಲ. ಅಂದಹಾಗೆ, ಗ್ರಂಥಾಲಯದ ವ್ಯವಹಾರಗಳಿಗೆ ಅಂಕಿಸಂಖ್ಯೆಗಳ ಅಳತೆಯನ್ನು ಅನ್ವಯಿಸುವ ವಿದ್ಯೆಗೆ ‘ಲೈಬ್ರಮೆಟ್ರಿ’ ಎಂಬ ಹೆಸರನ್ನು 1948ರಲ್ಲೇ ಸೂಚಿಸಿದವರು ಎಸ್.ಆರ್. ರಂಗನಾಥನ್, ಮುಂದೆ ಅವರು ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ಇಲ್ಲಿಯೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಇಂದು ಗಾರ್ಫೀಲ್ಡರ ಸೂಚಿಯ ವಾರಸುದಾರ ವೆಬ್ ಆಫ್ ಸೈನ್ಸ್ ಕ್ಲಾರಿವೇಟ್ ಕಂಪನಿಯ ಕೈಯಲ್ಲಿದೆ. 2004ರಲ್ಲಿ ಬಂದ ಸ್ಕೋಪಸ್, ಪ್ರಕಾಶನ ಸಂಸ್ಥೆಯಾದ ಎಲ್ಸೆವಿಯರ್‌ನದು. ಜ್ಞಾನದ ಜಾಗತಿಕ ಲೆಕ್ಕಪುಸ್ತಕಗಳೆರಡೂ ಖಾಸಗಿ ವ್ಯಾಪಾರಿಗಳ ಸ್ವತ್ತು, ಅದರಲ್ಲಿ ಒಬ್ಬರು ಸ್ವತಃ ಸರಕು ಮಾರುವವರು ಎಂಬುದನ್ನು ಮರೆಯುವಂತಿಲ್ಲ. 2022ರಲ್ಲಿ ಆರಂಭವಾದ ಓಪನ್‌ಅಲೆಕ್ಸ್ ಎಂಬ ಮುಕ್ತ ಡೇಟಾಬೇಸ್ ಈ ಸ್ಥಿತಿಯನ್ನು ನಿಧಾನವಾಗಿ ಬದಲಿಸುತ್ತಿದೆ.

ಮೊದಲ ತೀರ್ಮಾನ, ಅಂದರೆ ಎಣಿಸುವ ಜರ್ನಲ್‌ಗಳ ಬುಟ್ಟಿಯ ಗಾತ್ರ, ಎಷ್ಟು ವ್ಯತ್ಯಾಸ ಮಾಡಬಲ್ಲದು ಎಂಬುದಕ್ಕೆ ಬ್ರೆಜಿಲ್ ಒಳ್ಳೆಯ ಉದಾಹರಣೆ. 2000ದ ದಶಕದ ಉತ್ತರಾರ್ಧದಲ್ಲಿ ವೆಬ್ ಆಫ್ ಸೈನ್ಸ್, ಸ್ಕೋಪಸ್‌ನ ಸ್ಪರ್ಧೆಯನ್ನು ಎದುರಿಸಲು, ಪ್ರಾದೇಶಿಕ ಜರ್ನಲ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಬ್ರೆಜಿಲಿನ ಅನೇಕ ಜರ್ನಲ್‌ಗಳು ಅದರಲ್ಲಿದ್ದವು. ಒಂದೆರಡು ವರ್ಷಗಳಲ್ಲಿ ಬ್ರೆಜಿಲಿನ ಪ್ರಬಂಧಗಳ ಸಂಖ್ಯೆ ನೆಗೆಯಿತು, ಅದರ ಬೆನ್ನಲ್ಲೇ ಪ್ರಬಂಧವೊಂದಕ್ಕೆ ಸಿಗುವ ಉಲ್ಲೇಖಗಳ ಸರಾಸರಿ ಕುಸಿಯಿತು. ಪ್ರಯೋಗಾಲಯಗಳಲ್ಲಿ ನಡೆಯುತ್ತಿದ್ದ ಕೆಲಸ ರಾತ್ರೋರಾತ್ರಿ ಹೆಚ್ಚಿರಲಿಲ್ಲ, ಕಳಪೆಯೂ ಆಗಿರಲಿಲ್ಲ. ಪೋರ್ಚುಗೀಸ್ ಭಾಷೆಯಲ್ಲಿ, ಸ್ಥಳೀಯ ಓದುಗರಿಗಾಗಿ ಮೊದಲಿನಿಂದಲೂ ಬರೆಯುತ್ತಿದ್ದ ಬರಹಗಳು ಮೊದಲ ಬಾರಿಗೆ ಲೆಕ್ಕಕ್ಕೆ ಬಂದಿದ್ದವು, ಅಷ್ಟೆ.

ಎರಡನೆಯ ತೀರ್ಮಾನ, ಹಂಚಿಕೆಯದು. ಇಬ್ಬರು ಭಾರತೀಯರು, ಒಬ್ಬ ಜರ್ಮನ್, ಒಬ್ಬ ಜಪಾನಿ ಸೇರಿ ಬರೆದ ಪ್ರಬಂಧವೊಂದಿದೆ ಎನ್ನೋಣ. ಪೂರ್ಣ ಎಣಿಕೆಯ ಪದ್ಧತಿಯಲ್ಲಿ ಮೂರು ದೇಶಗಳಿಗೂ ಒಂದೊಂದು ಪ್ರಬಂಧ ಸಲ್ಲುತ್ತದೆ. ಪ್ರಕಟವಾದದ್ದು ಒಂದಾದರೂ ಲೆಕ್ಕದಲ್ಲಿ ಮೂರಾಗುತ್ತದೆ. ಭಿನ್ನರಾಶಿ ಎಣಿಕೆಯಲ್ಲಿ ಭಾರತಕ್ಕೆ ಅರ್ಧ, ಉಳಿದಿಬ್ಬರಿಗೆ ಕಾಲು ಕಾಲು. ವ್ಯತ್ಯಾಸ ಸಣ್ಣದೆಂದು ತೋರಬಹುದು. ಆದರೆ ಹೊರದೇಶಗಳೊಂದಿಗೆ ಹೆಚ್ಚು ಸಹಯೋಗ ನಡೆಸುವ ಬ್ರಿಟನ್, ಸ್ವಿಟ್ಜರ್ಲೆಂಡ್, ನೆದರ್ಲೆಂಡ್ಸ್‌ಗಳು ಪೂರ್ಣ ಎಣಿಕೆಯಲ್ಲಿ ಹಿಗ್ಗಿ ಕಾಣುತ್ತವೆ. ಹೆಚ್ಚಾಗಿ ತಮ್ಮೊಳಗೇ ಸೇರಿ ಬರೆಯುವ ಚೀನಾ, ಭಾರತಗಳು ಭಿನ್ನರಾಶಿ ಎಣಿಕೆಯಲ್ಲಿ ಹೋಲಿಕೆಯಿಂದ ಮೇಲೇರುತ್ತವೆ. 2016ರಲ್ಲಿ ಚೀನಾ ಸುಮಾರು 4.26 ಲಕ್ಷ ಪ್ರಬಂಧಗಳೊಂದಿಗೆ ಅಮೆರಿಕದ 4.09 ಲಕ್ಷವನ್ನು ದಾಟಿತು ಎಂಬ ಸುದ್ದಿ ಜಗತ್ತಿನಾದ್ಯಂತ ತಲೆಬರಹವಾದಾಗ ಅದು ಭಿನ್ನರಾಶಿ ಎಣಿಕೆಯ ಫಲಿತಾಂಶ ಎಂಬ ಮಾತು ಎಲ್ಲ ವರದಿಗಳಲ್ಲೂ ಇರಲಿಲ್ಲ.

ಹಂಚಿಕೆಯ ಈ ಸಮಸ್ಯೆ ವಿಪರೀತಕ್ಕೆ ಹೋಗುವುದು ಕಣಭೌತಶಾಸ್ತ್ರದಲ್ಲಿ. ಹಿಗ್ಸ್ ಬೋಸಾನ್‌ನ ದ್ರವ್ಯರಾಶಿಯನ್ನು ಕುರಿತು ಜಿನೀವಾದ ಕಣಭೌತಶಾಸ್ತ್ರ ಪ್ರಯೋಗಾಲಯವಾದ ಸರ್ನ್‌ನ ಎರಡು ತಂಡಗಳು 2015ರಲ್ಲಿ ಜಂಟಿಯಾಗಿ ಪ್ರಕಟಿಸಿದ ಪ್ರಬಂಧಕ್ಕೆ 5,154 ಲೇಖಕರು. ಮೂವತ್ತಮೂರು ಪುಟಗಳಲ್ಲಿ ವಿಷಯ ಮುಗಿಯುವುದು ಒಂಬತ್ತು ಪುಟಗಳಲ್ಲಿ, ಉಳಿದ ಇಪ್ಪತ್ತನಾಲ್ಕು ಪುಟ ಹೆಸರುಗಳು ಮತ್ತು ಸಂಸ್ಥೆಗಳು. ಇಂಥ ಪ್ರಬಂಧಗಳಿಗೆ ಉಲ್ಲೇಖಗಳು ಧಾರಾಳವಾಗಿ ಬರುತ್ತವೆ, ಪೂರ್ಣ ಎಣಿಕೆಯಲ್ಲಿ ಅವೆಲ್ಲವೂ ಪ್ರತಿ ಸಂಸ್ಥೆಯ ಖಾತೆಗೂ ಇಡಿಯಾಗಿ ಜಮೆಯಾಗುತ್ತವೆ. 2013ರಲ್ಲಿ ಟೈಮ್ಸ್ ಹೈಯರ್ ಎಜುಕೇಶನ್ ಶ್ರೇಯಾಂಕ ಪಟ್ಟಿ ಹೊರಬಂದಾಗ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯ 226–250ರ ಗುಂಪಿನಲ್ಲಿತ್ತು. ಪಟ್ಟಿಯಲ್ಲಿದ್ದ ಐಐಟಿಗಳೆಲ್ಲ ಅದಕ್ಕಿಂತ ನೂರು ಸ್ಥಾನಗಳಿಗೂ ಹೆಚ್ಚು ಕೆಳಗಿದ್ದವು. ಆ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞರು ಸರ್ನ್‌ನ ತಂಡದಲ್ಲಿ ಪ್ರಾಮಾಣಿಕವಾಗಿ ದುಡಿದವರು, ಅವರ ಕೆಲಸವನ್ನು ಕಿರಿದು ಮಾಡುವ ಕಾರಣವಿಲ್ಲ. ಆದರೆ ಕೆಲವೇ ಮಂದಿಯ ಸಹಲೇಖಕತ್ವ ಇಡೀ ಸಂಸ್ಥೆಯನ್ನು ಎತ್ತಿ ಹಿಡಿದಿತ್ತು. ಇದರ ಮೇಲೆ ಇನ್ನೊಂದು ಪದರವೂ ಇತ್ತು: ಉಲ್ಲೇಖಗಳ ಸರಾಸರಿ ಕಡಿಮೆಯಿರುವ ದೇಶಗಳ ಸಂಸ್ಥೆಗಳಿಗೆ ಅನ್ಯಾಯವಾಗದಿರಲೆಂದು, ಸಂಸ್ಥೆಯ ಅಂಕವನ್ನು ಆಯಾ ದೇಶದ ಸರಾಸರಿಯ ವರ್ಗಮೂಲದಿಂದ ಭಾಗಿಸುವ ‘ಪ್ರಾದೇಶಿಕ ಹೊಂದಾಣಿಕೆ’ಯೊಂದನ್ನು ಪಟ್ಟಿ ತಯಾರಿಸುವವರು ಬಳಸುತ್ತಿದ್ದರು. ಛೇದ ಸಣ್ಣದಾದಷ್ಟೂ ಭಾಗಲಬ್ಧ ದೊಡ್ಡದಾಗುತ್ತದೆ; ಭಾರತದಲ್ಲಿದ್ದುಕೊಂಡು ಸರ್ನ್‌ನ ಉಲ್ಲೇಖಗಳನ್ನು ಪಡೆಯುವುದಕ್ಕಿಂತ ಲಾಭದ ಸ್ಥಾನ ಇನ್ನೊಂದಿರಲಿಲ್ಲ. 2015ರಲ್ಲಿ ಸಾವಿರಕ್ಕೂ ಹೆಚ್ಚು ಲೇಖಕರಿರುವ ಪ್ರಬಂಧಗಳನ್ನು ಲೆಕ್ಕದಿಂದ ಕೈಬಿಟ್ಟು, ಪ್ರಾದೇಶಿಕ ಹೊಂದಾಣಿಕೆಯನ್ನೂ ಅರ್ಧಕ್ಕಿಳಿಸಿದರು. ವಿಶ್ವವಿದ್ಯಾಲಯ ಇದ್ದಲ್ಲೇ ಇತ್ತು, ಸೂತ್ರ ಬದಲಾಗಿತ್ತು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉದಾಹರಣೆ ಇದಕ್ಕಿಂತ ಸೌಮ್ಯವಾದದ್ದು. 2021ರ ಜೂನ್‌ನಲ್ಲಿ ಕ್ಯೂಎಸ್ ಎಂಬ ಇನ್ನೊಂದು ವಿಶ್ವವಿದ್ಯಾಲಯ ಶ್ರೇಯಾಂಕ ಪಟ್ಟಿಯಲ್ಲಿ ಅದಕ್ಕೆ ‘ಪ್ರತಿ ಅಧ್ಯಾಪಕರಿಗೆ ಉಲ್ಲೇಖಗಳು’ ಎಂಬ ಅಂಶದಲ್ಲಿ ನೂರಕ್ಕೆ ನೂರು ಅಂಕ ಬಂದಾಗ ಪತ್ರಿಕೆಗಳು ಅದನ್ನು ಜಗತ್ತಿನ ಅತ್ಯುತ್ತಮ ಸಂಶೋಧನಾ ವಿಶ್ವವಿದ್ಯಾಲಯವೆಂದು ಕರೆದವು. ಅದೇ ಪಟ್ಟಿಯ ಒಟ್ಟು ಶ್ರೇಯಾಂಕದಲ್ಲಿ ಸಂಸ್ಥೆ 186ನೆಯ ಸ್ಥಾನದಲ್ಲಿತ್ತು. ಐಐಎಸ್‌ಸಿ ಭಾರತದ ಶ್ರೇಷ್ಠ ಸಂಶೋಧನಾ ಸಂಸ್ಥೆ ಎಂಬುದರಲ್ಲಿ ಸಂಶಯವಿಲ್ಲ. ಆದರೂ ಕೆಲವೇ ನೂರು ಅಧ್ಯಾಪಕರಿರುವ, ಸಂಶೋಧನೆಗೆಂದೇ ಮೀಸಲಾದ ಸಂಸ್ಥೆಯನ್ನು, ಸಾವಿರಾರು ಅಧ್ಯಾಪಕರು ಕಾನೂನು, ಸಂಗೀತ, ಇತಿಹಾಸಗಳನ್ನೂ ಕಲಿಸುವ ವಿಶ್ವವಿದ್ಯಾಲಯಗಳ ಪಕ್ಕದಲ್ಲಿಟ್ಟು ಒಂದೇ ಛೇದದಿಂದ ಭಾಗಿಸಿದಾಗ ಬಂದ ಸಂಖ್ಯೆ ಅದು.

ಇನ್ನು ಉಲ್ಲೇಖಗಳ ವಿಚಾರ. ಸಂಖ್ಯೆ ಹೆಚ್ಚಿದ್ದರೇನು, ಓದುವವರೆಷ್ಟು ಎಂಬ ಪ್ರಶ್ನೆಗೆ ಉತ್ತರವಾಗಿ ಉಲ್ಲೇಖಗಳ ಸರಾಸರಿ ಬಂತು. ಆದರೆ ಉಲ್ಲೇಖಗಳು ಸರಾಸರಿಗೆ ಒಗ್ಗುವ ಸರಕಲ್ಲ. ಬಹುಪಾಲು ಪ್ರಬಂಧಗಳಿಗೆ ಬೆರಳೆಣಿಕೆಯಷ್ಟು ಸಿಕ್ಕಿದರೆ ಎಲ್ಲೋ ಒಂದಕ್ಕೆ ಹತ್ತಾರು ಸಾವಿರ ಸಿಗುತ್ತದೆ. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಜಾರ್ಜ್ ಶೆಲ್ಡ್ರಿಕ್, ಸ್ಫಟಿಕಗಳ ರಚನೆಯನ್ನು ಬಿಡಿಸುವ ತಮ್ಮ ಶೆಲ್‌ಎಕ್ಸ್ ಸಾಫ್ಟ್‌ವೇರಿನ ಬಗ್ಗೆ 2008ರಲ್ಲಿ ಒಂದು ಲೇಖನ ಬರೆದರು. ಆ ಸಾಫ್ಟ್‌ವೇರ್ ಬಳಸಿದವರೆಲ್ಲ ಆ ಲೇಖನವನ್ನು ಉಲ್ಲೇಖಿಸತೊಡಗಿದ ಪರಿಣಾಮವಾಗಿ, ಅದು ಪ್ರಕಟವಾಗಿದ್ದ ಜರ್ನಲಿನ ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲಿನ ಇತ್ತೀಚಿನ ಪ್ರಬಂಧಗಳಿಗೆ ಸರಾಸರಿ ಸಿಗುವ ಉಲ್ಲೇಖಗಳ ಸಂಖ್ಯೆ) ಸುಮಾರು 2ರಿಂದ 49ಕ್ಕೂ ಮೇಲೆ ಜಿಗಿಯಿತು. ಸರಾಸರಿಯ ಸೂತ್ರದಲ್ಲಿ ಅಳೆದ, ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯ ತಯಾರಿಸುವ ಲೈಡನ್ ಶ್ರೇಯಾಂಕದಲ್ಲಿ ಗಟಿಂಗೆನ್ ಜಗತ್ತಿಗೇ ಎರಡನೆಯದಾಗಿ ನಿಂತಿತು. ಒಂದು ಲೇಖನ ಕಳೆದರೆ ಆ ಸ್ಥಾನವೂ ಉಳಿಯುತ್ತಿರಲಿಲ್ಲ. ಇದರಿಂದ ಪಾಠ ಕಲಿತವರು ಸರಾಸರಿಯನ್ನು ಬಿಟ್ಟು, ಆಯಾ ಕ್ಷೇತ್ರದಲ್ಲಿ ಆಯಾ ವರ್ಷ ಅತಿ ಹೆಚ್ಚು ಉಲ್ಲೇಖ ಪಡೆದ ಶೇ 10 ಅಥವಾ ಶೇ 1 ಪ್ರಬಂಧಗಳಲ್ಲಿ ಒಂದು ದೇಶದ ಪಾಲೆಷ್ಟು ಎಂದು ನೋಡುವ ಕ್ರಮಕ್ಕೆ ಬಂದರು. ಗಣಿತಜ್ಞರಿಗೆ ಬರುವ ಉಲ್ಲೇಖಗಳು ಜೀವವಿಜ್ಞಾನಿಗಳಿಗೆ ಬರುವುದಕ್ಕಿಂತ ಸಹಜವಾಗಿಯೇ ಕಡಿಮೆ, ಹೊಸ ಪ್ರಬಂಧಕ್ಕೆ ಹಳೆಯದಕ್ಕಿಂತ ಕಡಿಮೆ. ಹೀಗಾಗಿ ಕ್ಷೇತ್ರವನ್ನೂ ವರ್ಷವನ್ನೂ ಸರಿದೂಗಿಸದೆ ಹೋಲಿಸಿದರೆ, ಎಂಜಿನಿಯರಿಂಗ್‌ನಲ್ಲಿ ಹೆಚ್ಚು ಕೆಲಸ ಮಾಡುವ ಮತ್ತು ಈಚೆಗೆ ವೇಗವಾಗಿ ಬೆಳೆದ ಏಷ್ಯಾದ ದೇಶಗಳು ವೈದ್ಯಕೀಯದಲ್ಲಿ ಬಲವಾದ ಹಳೆಯ ದೇಶಗಳ ಮುಂದೆ ಇರುವುದಕ್ಕಿಂತ ಬಡವಾಗಿ ಕಾಣುತ್ತವೆ.

ಈ ಪರಿಷ್ಕೃತ ಅಳತೆಯಲ್ಲಿ ಕಳೆದ ಇಪ್ಪತ್ತು ವರ್ಷಗಳ ದೊಡ್ಡ ಕಥೆ ಚೀನಾದ್ದು. ಬ್ರಿಟನ್ ಸರ್ಕಾರದ ಅಂದಿನ ಮುಖ್ಯ ವೈಜ್ಞಾನಿಕ ಸಲಹೆಗಾರ ಡೇವಿಡ್ ಕಿಂಗ್ 2004ರಲ್ಲಿ ‘ನೇಚರ್’ನಲ್ಲಿ ಮಾಡಿದ ಹೋಲಿಕೆಯ ಪ್ರಕಾರ ಜಗತ್ತಿನ ಅತಿ ಹೆಚ್ಚು ಉಲ್ಲೇಖಿತ ಪ್ರಬಂಧಗಳಲ್ಲಿ ಶೇ 98ರಷ್ಟು ಕೇವಲ 31 ದೇಶಗಳಿಂದ ಬಂದಿದ್ದವು, ಉಳಿದ ನೂರರುವತ್ತಕ್ಕೂ ಹೆಚ್ಚು ದೇಶಗಳು ಸೇರಿ ಶೇ 2ನ್ನೂ ಮುಟ್ಟಿರಲಿಲ್ಲ. ಆ ಕೋಷ್ಟಕದ ತುದಿಯಲ್ಲಿ ಅಮೆರಿಕಕ್ಕೆ ಸರಿಸಾಟಿಯೇ ಇರಲಿಲ್ಲ. 2022ರಲ್ಲಿ ಜಪಾನಿನ ವಿಜ್ಞಾನ ನೀತಿ ಸಂಸ್ಥೆ ನಿಸ್ಟೆಪ್ ಪ್ರಕಟಿಸಿದ ಲೆಕ್ಕದಲ್ಲಿ, 2018–2020ರ ಅವಧಿಯ ಅಗ್ರ ಶೇ 1 ಪ್ರಬಂಧಗಳಲ್ಲಿ ಚೀನಾದ ಪಾಲು ಶೇ 27.2, ಅಮೆರಿಕದ್ದು ಶೇ 24.9. ಸಂಖ್ಯೆಯಲ್ಲಿ ಮಾತ್ರ ಮುಂದು, ಗುಣದಲ್ಲಿ ಹಿಂದು ಎಂಬ ಹಳೆಯ ಸಮಾಧಾನಕ್ಕೆ ಅದರೊಂದಿಗೆ ಆಸ್ಪದ ತಪ್ಪಿತು. ಆಸ್ಟ್ರೇಲಿಯಾದ ಎಎಸ್‌ಪಿಐ ಎಂಬ ನೀತಿ ಅಧ್ಯಯನ ಸಂಸ್ಥೆ 64 ನಿರ್ಣಾಯಕ ತಂತ್ರಜ್ಞಾನಗಳ ಸಂಶೋಧನೆಯನ್ನು ಇದೇ ಬಗೆಯಲ್ಲಿ ಅಳೆದು, 2003–2007ರಲ್ಲಿ 60ರಲ್ಲಿ ಮುಂದಿದ್ದ ಅಮೆರಿಕದ ಜಾಗದಲ್ಲಿ 2019–2023ರ ಹೊತ್ತಿಗೆ 57ರಲ್ಲಿ ಚೀನಾ ಕುಳಿತಿದೆ ಎಂದಿತು.

ಇಲ್ಲಿಯೂ ಒಂದು ತಕರಾರು ಬಂತು, ಅದು ಹಗುರವಾದ ತಕರಾರಲ್ಲ. ವಿಜ್ಞಾನಿಗಳು ಎಲ್ಲ ಕಡೆಯೂ ತಮ್ಮ ದೇಶದವರ ಕೆಲಸವನ್ನು ಹೆಚ್ಚಾಗಿ ಉಲ್ಲೇಖಿಸುತ್ತಾರೆ. ಪರಿಚಯ, ಭಾಷೆ, ಒಂದೇ ಸಮ್ಮೇಳನ, ಒಂದೇ ಆಯ್ಕೆ ಸಮಿತಿ ಇವೆಲ್ಲ ಅದಕ್ಕೆ ಕಾರಣ. ದೇಶದ ಗಾತ್ರಕ್ಕೆ ಅನುಗುಣವಾಗಿ ನಿರೀಕ್ಷಿಸಬಹುದಾದದ್ದಕ್ಕಿಂತ ಈ ಒಲವು ಎಷ್ಟು ಹೆಚ್ಚು ಎಂದು ಅಳೆದ ಅರ್ಥಶಾಸ್ತ್ರಜ್ಞರಾದ ಚಿಯು, ಸ್ಟೈನ್‌ವೆಂಡರ್ ಮತ್ತು ಅಜುಲೆ, ದೊಡ್ಡ ದೇಶಗಳ ಪೈಕಿ ಚೀನಾದಲ್ಲಿ, ಬಹುತೇಕ ಎಲ್ಲ ಕ್ಷೇತ್ರಗಳಲ್ಲೂ, ಅದು ಅತಿ ಹೆಚ್ಚೆಂದು ಕಂಡರು. ಆ ಒಲವನ್ನು ಕಳೆದು ನೋಡಿದರೆ ಚೀನಾ ಅಮೆರಿಕ, ಬ್ರಿಟನ್, ಜರ್ಮನಿಗಳ ನಂತರ ನಾಲ್ಕನೆಯ ಸ್ಥಾನಕ್ಕೆ ಬರುತ್ತದೆ ಎಂದು ಅವರ ತೀರ್ಮಾನ. ಹಾಗಾದರೆ ಯಾವುದು ನಿಜ, ಮೊದಲನೆಯದೋ ನಾಲ್ಕನೆಯದೋ? ನನಗೆ ತೋರುವಂತೆ ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು. ಜಗತ್ತಿನಲ್ಲಿ ಒಟ್ಟು ನಡೆಯುತ್ತಿರುವ ವೈಜ್ಞಾನಿಕ ಸಂವಾದದಲ್ಲಿ ಚೀನಾದ ಭಾಗವೆಷ್ಟು ಎಂಬುದು ಮೊದಲ ಪ್ರಶ್ನೆ; ತನ್ನ ಗಡಿಯಾಚೆ ಅದರ ಮಾತನ್ನು ಕೇಳಿಸಿಕೊಳ್ಳುವವರೆಷ್ಟು ಎಂಬುದು ಎರಡನೆಯದು. ಬ್ಯಾಟರಿ, ಸೌರಫಲಕ, ವಸ್ತುವಿಜ್ಞಾನಗಳಂಥ ಕ್ಷೇತ್ರಗಳಲ್ಲಿ ಸಂಶೋಧಕರ ದೊಡ್ಡ ಪಾಲು ಚೀನಾದಲ್ಲಿಯೇ ಇರುವಾಗ ಅವರು ತಮ್ಮವರನ್ನು ಉಲ್ಲೇಖಿಸುವುದೆಲ್ಲ ಪಕ್ಷಪಾತವೆನ್ನಲು ಬರುವುದಿಲ್ಲ. ಇಪ್ಪತ್ತು ವರ್ಷಗಳಲ್ಲಿ ಆ ದೇಶ ಅಂಚಿನಿಂದ ಮೊದಲ ಸಾಲಿಗೆ ಬಂದಿದೆ ಎಂಬುದನ್ನು ಮಾತ್ರ ಎರಡೂ ಕೊಳಗಗಳು ಒಪ್ಪುತ್ತವೆ, ನಂಬಬೇಕಾದದ್ದು ಅದನ್ನು.

ಪ್ರೋತ್ಸಾಹಧನಕ್ಕೂ ಇದರಲ್ಲಿ ಪಾತ್ರವಿತ್ತು. ‘ನೇಚರ್’ ಅಥವಾ ‘ಸೈನ್ಸ್’ನಲ್ಲಿ ಬಂದ ಒಂದು ಪ್ರಬಂಧಕ್ಕೆ ಚೀನಾದ ಕೆಲವು ವಿಶ್ವವಿದ್ಯಾಲಯಗಳು 1,65,000 ಡಾಲರ್‌ವರೆಗೆ ಬಹುಮಾನ ಕೊಡುತ್ತಿದ್ದುದನ್ನು 2017ರ ಒಂದು ಅಧ್ಯಯನ ದಾಖಲಿಸಿತು. 2020ರ ಫೆಬ್ರುವರಿಯಲ್ಲಿ ಅಲ್ಲಿನ ಶಿಕ್ಷಣ ಮತ್ತು ವಿಜ್ಞಾನ ಸಚಿವಾಲಯಗಳೇ ಇಂಥ ನಗದು ಬಹುಮಾನಗಳಿಗೆ ತಡೆಹಾಕಿ, ನೇಮಕಾತಿ ಮತ್ತು ಬಡ್ತಿಯಲ್ಲಿ ಪ್ರಬಂಧಗಳ ಎಣಿಕೆಯನ್ನೇ ನೆಚ್ಚಬಾರದೆಂದು ಸೂಚಿಸಿದವು. ರಷ್ಯಾ ನಡೆದದ್ದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ: 2015ರೊಳಗೆ ವೆಬ್ ಆಫ್ ಸೈನ್ಸ್‌ನಲ್ಲಿ ದೇಶದ ಪಾಲು ಶೇ 2.44ಕ್ಕೆ ಏರಬೇಕೆಂದು ಅಧ್ಯಕ್ಷರ ಆಜ್ಞೆಯೇ 2012ರ ಮೇ ತಿಂಗಳಲ್ಲಿ ಹೊರಬಿತ್ತು. ಯುಕ್ರೇನ್ ಯುದ್ಧದ ನಂತರ ಕ್ಲಾರಿವೇಟ್ ರಷ್ಯಾದಲ್ಲಿ ವ್ಯವಹಾರ ನಿಲ್ಲಿಸಿದಾಗ, ಪರರ ಕೊಳಗವನ್ನೇ ರಾಷ್ಟ್ರೀಯ ಗುರಿಯಾಗಿ ಮಾಡಿಕೊಂಡದ್ದರ ಇಕ್ಕಟ್ಟು ಅಲ್ಲಿನವರಿಗೆ ಅರಿವಾಯಿತು. ಇಟಲಿಯದು ಇನ್ನೂ ಸೂಕ್ಷ್ಮವಾದ ಪ್ರಕರಣ. 2010ರ ವಿಶ್ವವಿದ್ಯಾಲಯ ಸುಧಾರಣೆಯ ನಂತರ ಬಡ್ತಿಗೆ ಉಲ್ಲೇಖಗಳ ಮಿತಿಗಳನ್ನು ಕಟ್ಟಿದರು; ಆ ಬಳಿಕ ಇಟಲಿಯ ಉಲ್ಲೇಖಗಳಲ್ಲಿ ಇಟಲಿಯವರಿಂದಲೇ ಬಂದವುಗಳ ಪ್ರಮಾಣ ಉಳಿದ ಮುಂದುವರಿದ ದೇಶಗಳಲ್ಲಿ ಕಾಣದಷ್ಟು ಏರಿದ್ದನ್ನು ಬಚ್ಚಿನಿ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದರು. ಅದೇ ಅವಧಿಯಲ್ಲಿ ಇಟಲಿಯ ‘ಪ್ರಭಾವ’ ಯೂರೋಪಿನ ಕೋಷ್ಟಕಗಳಲ್ಲಿ ಮೇಲೇರುತ್ತಿತ್ತು.

ಯೂರೋಪ್ ಎಂದಾಗ ‘ಪ್ರದೇಶ’ ಎಂಬ ಪದವೇ ಕೈಗೆ ಸಿಗದೆ ಜಾರುತ್ತದೆ. ಐರೋಪ್ಯ ಒಕ್ಕೂಟವನ್ನು ಒಂದು ಘಟಕವಾಗಿ ಎಣಿಸಿದರೆ ಫ್ರಾನ್ಸ್–ಜರ್ಮನಿಯ ಜಂಟಿ ಪ್ರಬಂಧ ಒಳಗಿನದಾಗುತ್ತದೆ, ದೇಶಗಳಾಗಿ ಎಣಿಸಿದರೆ ಅಂತರರಾಷ್ಟ್ರೀಯವಾಗುತ್ತದೆ. ಕ್ಯಾಲಿಫೋರ್ನಿಯಾ ಮತ್ತು ಮ್ಯಾಸಚೂಸೆಟ್ಸ್‌ಗಳ ಜಂಟಿ ಪ್ರಬಂಧಕ್ಕೆ ಈ ಗೌರವ ಯಾರೂ ಕೊಡುವುದಿಲ್ಲ. 2020ರಲ್ಲಿ ಬ್ರಿಟನ್ ಹೊರನಡೆದಾಗ ಒಕ್ಕೂಟದ ಅಗ್ರ ಪ್ರಬಂಧಗಳ ಪಾಲು ಯಾವ ಪ್ರಯೋಗಾಲಯವೂ ಮುಚ್ಚದೆ ಇಳಿಯಿತು. ವಿಜ್ಞಾನದಲ್ಲಿ ಮುಂದು, ಅದನ್ನು ಉದ್ಯಮವಾಗಿಸುವುದರಲ್ಲಿ ಹಿಂದು ಎಂಬ ‘ಐರೋಪ್ಯ ವಿರೋಧಾಭಾಸ’ವನ್ನು ಐರೋಪ್ಯ ಆಯೋಗ 1995ರಲ್ಲಿ ಮುಂದಿಟ್ಟಿತು, ಪ್ರಬಂಧಗಳ ಸಂಖ್ಯೆಯ ಬದಲು ಅತ್ಯುಚ್ಚ ಉಲ್ಲೇಖಗಳನ್ನು ನೋಡಿದಾಗ ಆ ವಿಜ್ಞಾನದ ಮುನ್ನಡೆಯೇ ಅಷ್ಟು ಗಟ್ಟಿಯಲ್ಲ ಎಂದು ಟೀಕಾಕಾರರು ಮುಂದೆ ವಾದಿಸಿದರು.

ಜಪಾನಿನ ಇಳಿತದ ಬಗ್ಗೆ ಮಾತ್ರ ಹೆಚ್ಚು ವಾದಕ್ಕೆ ಜಾಗವಿಲ್ಲ. ಶತಮಾನದ ತಿರುವಿನಲ್ಲಿ ಅಗ್ರ ಶೇ 10 ಪ್ರಬಂಧಗಳಲ್ಲಿ ನಾಲ್ಕನೆಯದಾಗಿದ್ದ ದೇಶ, ನಿಸ್ಟೆಪ್‌ನ 2023ರ ವರದಿಯ ಹೊತ್ತಿಗೆ ಹದಿಮೂರಕ್ಕೆ ಇಳಿದು ಇರಾನಿಗಿಂತ ಕೆಳಗಿತ್ತು. 2004ರಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯಗಳನ್ನು ಸ್ವಾಯತ್ತ ನಿಗಮಗಳಾಗಿಸಿ, ಅವುಗಳ ನಿರ್ವಹಣಾ ಅನುದಾನವನ್ನು ವರ್ಷಕ್ಕೆ ಸುಮಾರು ಶೇ 1ರಂತೆ ಕತ್ತರಿಸುತ್ತ ಹೋದದ್ದು, ಕಾಯಂ ಹುದ್ದೆ ಸಿಗದ ಯುವಕರು ಪಿಎಚ್‌.ಡಿ.ಯಿಂದ ದೂರ ಸರಿದದ್ದು ಇದಕ್ಕೆ ಮುಖ್ಯ ಕಾರಣಗಳೆಂದು ಅಲ್ಲಿನವರೇ ಹೇಳುತ್ತಾರೆ.

ಆಫ್ರಿಕಾದ ಲೆಕ್ಕ ಬೇರೊಂದು ಬಗೆಯ ಎಚ್ಚರವನ್ನು ಬೇಡುತ್ತದೆ. ವಿಶ್ವ ಬ್ಯಾಂಕ್ ಮತ್ತು ಎಲ್ಸೆವಿಯರ್ 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದಕ್ಷಿಣ ಆಫ್ರಿಕಾ ದೇಶವನ್ನು ಪ್ರತ್ಯೇಕವಾಗಿಟ್ಟರೆ, ಸಹಾರಾದ ಕೆಳಗಿನ ಆಫ್ರಿಕಾದ ಪಾಲು 2003ರಲ್ಲಿ ಜಗತ್ತಿನ ಸಂಶೋಧನೆಯ ಶೇ 0.44 ಇದ್ದದ್ದು 2012ಕ್ಕೆ ಶೇ 0.72ಕ್ಕೆ ಏರಿತ್ತು, ಉಲ್ಲೇಖಗಳ ಮಟ್ಟವೂ ಸುಧಾರಿಸಿತ್ತು. ಆದರೆ ಖಂಡದ ದಕ್ಷಿಣ ಭಾಗದ ಪ್ರಬಂಧಗಳಲ್ಲಿ ಶೇ 79, ಪೂರ್ವ ಭಾಗದವುಗಳಲ್ಲಿ ಶೇ 70 ಅಂತರರಾಷ್ಟ್ರೀಯ ಸಹಯೋಗದವು. ಲಂಡನ್ನಿನಿಂದಲೋ ಸಿಯಾಟಲ್‌ನಿಂದಲೋ ಹಣ ಬರುವ ಯೋಜನೆಯಲ್ಲಿ ಮಾದರಿ ಸಂಗ್ರಹಿಸಿದವರ ಹೆಸರು ಲೇಖಕರ ಪಟ್ಟಿಯ ನಡುವೆ ಇದ್ದಾಗ ಆ ದೇಶದ ಸರಾಸರಿ ಉಲ್ಲೇಖ ಜಗತ್ತಿನ ಸರಾಸರಿಯನ್ನೂ ಮೀರಬಹುದು. ಏನನ್ನು ಸಂಶೋಧಿಸಬೇಕೆಂಬ ತೀರ್ಮಾನ ಯಾರದು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಲ್ಯಾಟಿನ್ ಅಮೆರಿಕದವರು ಬೇರೆ ದಾರಿ ಹಿಡಿದರು. 1997ರಲ್ಲಿ ಸಾವೊ ಪಾಲೊದಲ್ಲಿ ಹುಟ್ಟಿದ ಸೈಲೊ ಜಾಲ, ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಜರ್ನಲ್‌ಗಳನ್ನು ಓದುಗರಿಗೆ ಉಚಿತವಾಗಿ ತೆರೆದು, ತನ್ನದೇ ಉಲ್ಲೇಖ ಲೆಕ್ಕವನ್ನೂ ಇಟ್ಟಿತು. ಮುಕ್ತ ಪ್ರಕಟಣೆಯ ಮಾತು ಯೂರೋಪಿನಲ್ಲಿ ಘೋಷಣೆಯಾಗುವ ಮೊದಲೇ ಅಲ್ಲಿ ರೂಢಿಯಾಗಿತ್ತು.

ಯಾವ ಸೂತ್ರದಿಂದಲೂ ಸರಿಪಡಿಸಲಾಗದ ಒಂದು ಕೊರತೆಯನ್ನು ನಮ್ಮ ಮಲೆನಾಡಿನ ಉದಾಹರಣೆಯಿಂದಲೇ ವಿವರಿಸಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ, ಉಣ್ಣೆಹುಳುಗಳಿಂದ ಹರಡುವ ವೈರಸ್ ರೋಗ. ಪ್ರತಿ ಬೇಸಿಗೆಯ ಮುಂಚೆ ಕಾಡಿಗೆ ದರಗು, ಸೌದೆಗೆ ಹೋಗುವವರಿಗೆ ಅದರ ಭಯ ತಪ್ಪಿದ್ದಲ್ಲ. ಆದರೆ ಜಗತ್ತಿನಲ್ಲಿ ಅದನ್ನು ಅಧ್ಯಯನ ಮಾಡುವವರು ಕೆಲವೇ ಮಂದಿ, ಆದ್ದರಿಂದ ಅದರ ಬಗ್ಗೆ ಎಷ್ಟು ಒಳ್ಳೆಯ ಪ್ರಬಂಧ ಬರೆದರೂ ಅದನ್ನು ಉಲ್ಲೇಖಿಸಬಲ್ಲವರು ಅಷ್ಟೇ ಮಂದಿ. ಕ್ಷೇತ್ರವಾರು ಸರಿದೂಗಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಆ ಪ್ರಬಂಧ ವೈರಾಣುಶಾಸ್ತ್ರದ ಗುಂಪಿಗೆ ಸೇರಿ ಎಚ್‌ಐವಿ, ಕೋವಿಡ್‌ಗಳ ಪ್ರಬಂಧಗಳೊಂದಿಗೆ ಸ್ಪರ್ಧಿಸಬೇಕಾಗುತ್ತದೆ. ಬೆಂಗಳೂರಿನ ಯುವ ಸಂಶೋಧಕಿಯೊಬ್ಬಳು ತನ್ನ ಮುಂದಿನ ಐದು ವರ್ಷಗಳನ್ನು ಯಾವುದರ ಮೇಲೆ ಕಳೆಯಬೇಕೆಂದು ಯೋಚಿಸುವಾಗ ಈ ಲೆಕ್ಕ ಅವಳಿಗೂ ಗೊತ್ತಿರುತ್ತದೆ. ಮಾನವಿಕಗಳಲ್ಲಿ ಇದು ಇನ್ನೂ ಕಠಿಣ: ಶಾಸನ, ಹಳಗನ್ನಡ ಕಾವ್ಯ, ಜಾನಪದಗಳ ಬಗ್ಗೆ ಕನ್ನಡದಲ್ಲಿ ಒಂದು ಶತಮಾನದಿಂದ ನಡೆದುಬಂದ ವಿದ್ವತ್ತು ಈ ಡೇಟಾಬೇಸ್‌ಗಳ ಪಾಲಿಗೆ ಹೆಚ್ಚುಕಡಿಮೆ ನಡೆದೇ ಇಲ್ಲ.

ಕೊಳಗವೇ ಗುರಿಯಾದಾಗ ಅದರಲ್ಲಿ ಕಲ್ಲು ಬೆರೆಸುವವರೂ ಹುಟ್ಟುತ್ತಾರೆ. 2023ರಲ್ಲಿ ಜಗತ್ತಿನಾದ್ಯಂತ, ದೋಷವೋ ವಂಚನೆಯೋ ಕಂಡುಬಂದು ಪ್ರಕಟಣೆಯಿಂದ ಹಿಂಪಡೆದ ಪ್ರಬಂಧಗಳ ಸಂಖ್ಯೆ ಮೊದಲ ಬಾರಿಗೆ ಹತ್ತು ಸಾವಿರ ದಾಟಿತು; ಅವುಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ವೈಲಿ ಕಂಪನಿಯ ಒಡೆತನದ ಹಿಂದಾವಿ ಎಂಬ ಒಂದೇ ಪ್ರಕಾಶನದವು. ಅದೇ ವರ್ಷ ಕ್ಲಾರಿವೇಟ್ ತನ್ನ ‘ಅತಿ ಹೆಚ್ಚು ಉಲ್ಲೇಖಿತ ಸಂಶೋಧಕರ’ ಪಟ್ಟಿಯಿಂದ ಗಣಿತವನ್ನೇ ಕೈಬಿಟ್ಟಿತು: ಕ್ಷೇತ್ರ ಚಿಕ್ಕದು, ಉಲ್ಲೇಖ ಕಡಿಮೆ, ಕೆಲವರು ಕೂಡಿಕೊಂಡರೆ ಸಾಕು ಪಟ್ಟಿ ತಿರುಚಲು. ಸೌದಿ ಅರೇಬಿಯಾದ ಕೆಲವು ವಿಶ್ವವಿದ್ಯಾಲಯಗಳು ಹೊರದೇಶದ ಪ್ರಸಿದ್ಧ ವಿಜ್ಞಾನಿಗಳಿಗೆ ಹಣ ಕೊಟ್ಟು ಅವರ ಪ್ರಬಂಧಗಳಲ್ಲಿ ತಮ್ಮ ಸಂಸ್ಥೆಯ ವಿಳಾಸ ಬರೆಸುತ್ತಿದ್ದ ವಿಷಯ 2011ರಲ್ಲೇ ‘ಸೈನ್ಸ್’ನಲ್ಲಿ ವರದಿಯಾಗಿತ್ತು. ಪ್ರದೇಶವಾರು ಕೋಷ್ಟಕದಲ್ಲಿ ಪಶ್ಚಿಮ ಏಷ್ಯಾದ ಏರಿಕೆಯನ್ನು ನೋಡುವಾಗ ಅಲ್ಲಿ ನಿಜವಾಗಿ ಬೆಳೆದ ವಿಜ್ಞಾನವನ್ನೂ ಬಾಡಿಗೆಗೆ ಬಂದ ವಿಳಾಸಗಳನ್ನೂ ಬೇರ್ಪಡಿಸುವುದು ಸುಲಭವಲ್ಲ.

ಮತ್ತೆ ಭಾರತಕ್ಕೆ ಬಂದರೆ, ಮೂರನೆಯ ಸ್ಥಾನಕ್ಕೆ ಜನಸಂಖ್ಯೆ, ಪದವಿ ಕಾಲೇಜುಗಳ ವಿಸ್ತಾರ, ಬಡ್ತಿಗೂ ಪಿಎಚ್‌.ಡಿ.ಗೂ ಪ್ರಕಟಣೆಯನ್ನು ಷರತ್ತಾಗಿಸಿದ ನಿಯಮಗಳು ಇವೆಲ್ಲ ಕಾರಣ. ಯುಜಿಸಿ 2022ರಲ್ಲಿ ಪಿಎಚ್‌.ಡಿ. ಸಲ್ಲಿಕೆಗೆ ಪ್ರಬಂಧ ಪ್ರಕಟಣೆಯ ಕಡ್ಡಾಯವನ್ನು ತೆಗೆಯಿತು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯಲ್ಲಿ ಸುಮಾರು 13,000 ಜರ್ನಲ್‌ಗಳನ್ನು 6,300ರಷ್ಟು ಸರ್ಕಾರಿ ಸಂಸ್ಥೆಗಳಿಗೆ ತೆರೆಯುತ್ತದೆ. ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನ ಅಧ್ಯಾಪಕರಿಗೆ ಐಐಟಿಯ ಗ್ರಂಥಾಲಯದಷ್ಟೇ ಓದಲು ಸಿಗುವುದು ಸಣ್ಣ ಲಾಭವಲ್ಲ. ಆದರೆ ಆ ಮೊತ್ತ ಹೋಗುವುದು ಬಹುಪಾಲು ವಿದೇಶಿ ಪ್ರಕಾಶಕರಿಗೆ, ಸ್ವಂತ ಜರ್ನಲ್‌ಗಳನ್ನು ಗಟ್ಟಿಗೊಳಿಸಲು ಅಂಥದೇ ಬೃಹತ್ ಯೋಜನೆ ಕಾಣುವುದಿಲ್ಲ. ಪ್ರಯೋಗಾಲಯದ ರಾಸಾಯನಿಕಕ್ಕೂ ಸಂಶೋಧನಾ ವಿದ್ಯಾರ್ಥಿಯ ತಿಂಗಳ ವೇತನಕ್ಕೂ ಕಾಯುವ ದೇಶದಲ್ಲಿ ಶೇ 0.64 ಎಂಬ ಅಂಕಿ, ಮೂರನೆಯ ಸ್ಥಾನಕ್ಕಿಂತ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಯಾವ ಕೊಳಗದಲ್ಲಿ ಅಳೆದರೂ ದಕ್ಷಿಣ ಕೊರಿಯಾದ ಶೇ 5ರ ಹತ್ತಿರದ ಅಂಕಿಯ ಪಕ್ಕದಲ್ಲಿ ಅದು ಚಿಕ್ಕದೇ.

1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ವಿಕಿರಣದ ಬಗ್ಗೆ ಬೆಂಗಳೂರಿನಲ್ಲಿ ಮಾಡಿದ ಉಪನ್ಯಾಸ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಅಚ್ಚಾಯಿತು. ಅದರ ಪ್ರತಿಗಳನ್ನು ಅವರು ಹೊರದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್, ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂಬ ತಮ್ಮ ಶೋಧವನ್ನು ಇದೇ ಊರಿನಿಂದ ಹೊರಡುವ ‘ಪ್ರಮಾಣ’ ಜರ್ನಲಿನಲ್ಲಿ ಪ್ರಕಟಿಸಿದರು. ಒಂದು ಹೊಸ ಶಾಖೆಯನ್ನೇ ತೆರೆದ ಆ ಪುಟ್ಟ ಪ್ರಬಂಧವನ್ನು ಜಗತ್ತಿನ ಸಾವಿರಕ್ಕೂ ಹೆಚ್ಚು ಪ್ರಬಂಧಗಳು ಉಲ್ಲೇಖಿಸಿವೆ. ಅಂಥ ಅಣುಗಳ ಪದರಗಳು ಮುಂದೆ ಎಲ್‌ಸಿಡಿ ಪರದೆಗಳನ್ನು ಓರೆಯಿಂದಲೂ ಸ್ಪಷ್ಟವಾಗಿ ನೋಡುವಂತೆ ಮಾಡಲು ಬಳಕೆಯಾದವು. ಇಂದು ಅದೇ ಜರ್ನಲಿನಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿ ಸಂದರ್ಶನಕ್ಕೆ ಹೋಗುವ ಅಭ್ಯರ್ಥಿಗೆ ಆಯ್ಕೆ ಸಮಿತಿ ಮೊದಲು ಕೇಳುವುದು ಅದರ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು ಎಂದು.